ನಾಗಲಕ್ಷ್ಮಿ ಹಾಕಿದ ತರುಗು

ನಾಗಲಕ್ಷ್ಮಿ ಎಂಬ ಹೆಸರು ಸುಂಕಲಮ್ಮನ ಕಿವಿಗೆ ಮೊದಲು ಬಿದ್ದ ದಿನ ರಾಯದುರ್ಗದಲ್ಲಿ ಬೆಳಗಿನಿಂದ ಕರೆಂಟು ಇರಲಿಲ್ಲ. ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಮೋಟಾರಿನ ಮಿಶನ್ನುಗಳೆಲ್ಲ ಬಾಯಿ ಹೊಲಿದುಕೊಂಡು ಕೂತಿದ್ದವು. ಕೆಲಸದ ಹೆಣ್ಣುಮಕ್ಕಳು ಪ್ಯಾಂಟಿನ ಗುಡ್ಡೆಗೆ ಒರಗಿ, ರಟ್ಟಿನ ತುಂಡಿನಲ್ಲಿ ಗಾಳಿ ಬೀಸಿಕೊಳ್ಳುತ್ತ ಹರಟೆ ಹೊಡೆಯುತ್ತಿದ್ದರು. ಓಡುತ್ತಿದ್ದದ್ದು ಒಂದೇ ಮಿಶನ್ನು, ಸುಂಕಲಮ್ಮನದು. ಕಾಲಲ್ಲಿ ತುಳಿಯುವ ಮಿಶನ್ನು. ಅದಕ್ಕೆ ಸರ್ಕಾರದ ಕರೆಂಟು ಬೇಕಿರಲಿಲ್ಲ, ಸುಂಕಲಮ್ಮನ ಮೊಣಕಾಲು ಗಟ್ಟಿಯಿದ್ದರೆ ಸಾಕಿತ್ತು.

ಆ ಮಿಶನ್ನನ್ನು ಕೊಂಡು ತಂದವನು ಅವಳ ಗಂಡ ಬೊಮ್ಮಪ್ಪ. ಶೆಡ್ಡು ಶುರುವಾದದ್ದೇ ಅದರಿಂದ. ಬೊಮ್ಮಪ್ಪ ತೀರಿಕೊಂಡ ಮೇಲೆ ಅವನ ತಮ್ಮ ತಿಪ್ಪೇಸ್ವಾಮಿಯೂ ಅತ್ತಿಗೆ ಸುಂಕಲಮ್ಮನೂ ಸೇರಿ ಅದನ್ನು ನಡೆಸಿಕೊಂಡು ಬಂದರು. ಹೊಸ ಮಿಶನ್ನುಗಳು ಒಂದೊಂದಾಗಿ ಬಂದವು. ಆದರೂ ಬಾಗಿಲಿಗೆ ಎದುರು, ಒಳಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ ಆ ಹಳೆಯ ಮಿಶನ್ನೇ ಇತ್ತು, ಅದರ ಹಿಂದೆ ಸುಂಕಲಮ್ಮ ಇದ್ದಳು. ಯಾರು ಎಲ್ಲಿ ಕೂರಬೇಕು, ಯಾರ ಹೊಲಿಗೆ ಬಿಚ್ಚಿಸಬೇಕು, ಯಾರಿಗೆ ಹಬ್ಬಕ್ಕೆ ರಜೆ, ಎಲ್ಲ ಅಲ್ಲಿಂದಲೇ ತೀರ್ಮಾನ. ಈಗ ಆ ಮಿಶನ್ನು ಬಾಗಿಲ ಮುಂದೆ ಇಲ್ಲ. ಯಾಕಿಲ್ಲ ಎಂದು ಕೇಳಿದರೆ ನಾಗಲಕ್ಷ್ಮಿಯ ಕತೆಯನ್ನೇ ಹೇಳಬೇಕು.

ಆವತ್ತು ತಿಪ್ಪೇಸ್ವಾಮಿ ಮಡಕಶಿರಾದಿಂದ ಬಂದು ಬಸ್ಸಿಳಿದವನೇ ಸೀದಾ ಶೆಡ್ಡಿಗೆ ಬಂದ. ಅಲ್ಲಿನ ಬಟ್ಟೆ ಅಂಗಡಿಯವರಿಗೆ ಪ್ಯಾಂಟು ತೋರಿಸಲು ಹೋಗಿದ್ದ. ಆರ್ಡರು ಸಿಕ್ಕಿತೋ ಇಲ್ಲವೋ ಹೇಳಲಿಲ್ಲ. ಒಂದು ಚೊಂಬು ನೀರು ಗಟಗಟ ಕುಡಿದು ಬೇರೆಯೇ ಮಾತು ತೆಗೆದ.

"ಅತ್ತಿಗಿ, ಮಡಕಶಿರಾದಾಗ ಒಂದು ಎಣ್ಣಿ ಮಿಲ್ಲು ಐತ್ರಿ. ಅಲ್ಲಿ ಲೆಕ್ಕ ಬರಿಯೋ ಹುಡುಗಿ ಒಬ್ಬಾಕಿ ಅದಾಳ, ನಾಗಲಕ್ಷ್ಮಿ ಅಂತ. ಸಾವ್ಕಾರ ಹಳೇ ಮಿಶನ್ನು ಮಾರಾಕ ನಿಂತಿದ್ದ. ಈಕಿ ಎದ್ದು ಬಂದು, ಹಳೇದು ಇರ್ಲಿ, ಮೂಲ್ಯಾಗ ಸುಮ್ನ ಕುಂತೈತಲ್ಲ ಹೊಸದು, ಅದನ್ನ ಮಾರ್ರಿ ಅಂದ್ಲು. ಅಲ್ಲಿದ್ದೋರೆಲ್ಲ ನಕ್ಕರು. ಆಮ್ಯಾಲ ಒಂದು ಲೆಕ್ಕ ಹೇಳಿದ್ಲು ನೋಡ್ರಿ, ಒಬ್ಬರೂ ನಗಲಿಲ್ಲ!"

"ಏನಪ್ಪಾ ಅಂಥಾ ಲೆಕ್ಕ?"

"ನನಗ ತಿಳೀಲಿಲ್ರಿ" ಎಂದ ತಿಪ್ಪೇಸ್ವಾಮಿ, ಮುಖ ತುಂಬ ನಗುತ್ತ.

"ತಿಳೀದಿದ್ದಕ್ಕ ಇಷ್ಟು ಹಲ್ಲು ಬಿಡ್ತೀಯಲ್ಲೋ, ತಿಳಿದಿದ್ರ ಏನು ಮಾಡ್ತಿದ್ದಿ?" ಎಂದಳು ಸುಂಕಲಮ್ಮ. ಹೆಣ್ಣುಮಕ್ಕಳು ಕಿಸಕ್ಕನೆ ನಕ್ಕರು. ಅವಳ ಮಿಶನ್ನಿನ ಸೂಜಿ ಟಕ್ಕನೆ ಮುರಿಯಿತು. ಮೂವತ್ತು ದಾಟಿದ ಮೈದುನನ ಮುಖದಲ್ಲಿ ಅಂಥ ನಗು ಅವಳು ಕಂಡಿರಲಿಲ್ಲ. ಇಷ್ಟು ದಿನ ಅವನು ಊರಿಂದ ಬಂದರೆ ಅತ್ತಿಗೆ ಹೇಳಿದ್ದನ್ನು ಕೇಳಲು ಬರುತ್ತಿದ್ದ. ಇವತ್ತು ಬೇರೆ ಹೆಂಗಸು ಹೇಳಿದ್ದನ್ನು ಹೇಳಲು ಬಂದಿದ್ದ.

ಮದುವೆ ಆಗಿಯೇ ಹೋಯಿತು. ನಾಗಲಕ್ಷ್ಮಿಯದು ಗುಡಿಬಂಡೆ ಹತ್ತಿರದ ಒಂದು ಹಳ್ಳಿ. ಅಪ್ಪ ಗೋಪಾಲಪ್ಪ ಕುರಿ ಸಾಕುವಾತ. ಮಗಳು ಹತ್ತರ ಮೇಲೆ ಇಂಟರ್ ಓದಿ, ದಿನಾ ಆಟೋ ಹತ್ತಿ ಮಡಕಶಿರಾಕ್ಕೆ ಹೋಗಿ ಮಿಲ್ಲಿನಲ್ಲಿ ಲೆಕ್ಕ ಬರೆದು ಬರುತ್ತಿದ್ದಳು. ಅವಳು ಕೂರುವ ಕುರ್ಚಿಯ ಎಡಕ್ಕೆ ಒಂದು ಗೋಡೆ, ಗೋಡೆಯ ಆಚೆ ಶೇಂಗಾ ಅರೆಯುವ ಮಿಶನ್ನು. ಅದರ ಸದ್ದು ಕೇಳಿ ಕೇಳಿ ಎಡಗಿವಿ ಮೊದಲು ಮಂದವಾಯಿತು, ಆಮೇಲೆ ಪೂರಾ ಕಿವುಡಾಯಿತು. ಮದುವೆಗೆ ಮುಂಚೆಯೇ ಅವಳೇ ಬಾಯಿಬಿಟ್ಟು ಹೇಳಿದ್ದಳು, ತಿಪ್ಪೇಸ್ವಾಮಿ "ನನಗ ಎರಡು ಕಿವಿ ಅದಾವಲ್ಲ" ಅಂದಿದ್ದನಂತೆ. ಈ ಮಾತು ಕೇಳಿದ ಸುಂಕಲಮ್ಮನಿಗೆ ಎರಡು ದಿನ ಊಟ ಸೇರಲಿಲ್ಲ.

ಬಳುವಳಿಯಾಗಿ ಗೋಪಾಲಪ್ಪ ಕುರಿ ಮಾರಿ ಮಗಳಿಗೆ ಒಂದು ಪಿಕೋ ಮಿಶನ್ನು ಕೊಡಿಸಿದ, ಸೀರೆಯ ಅಂಚು ಹೊಲಿಯುವಂಥದ್ದು. ಬೀಗರು ಹೊಲಿಗೆಯವರು ಅಂತ ಕೇಳಿದ್ದನೇ ಹೊರತು, ಅವರು ಜೀನ್ಸ್ ಹೊಲಿಯುವವರು, ಸೀರೆಯ ಅಂಚಿಗೂ ಅವರಿಗೂ ಏನೂ ಸಂಬಂಧವಿಲ್ಲ ಅಂತ ಆತನಿಗೆ ಯಾರೂ ಹೇಳಿರಲಿಲ್ಲ. ಮದುಮಗಳ ಜೊತೆ ಟೆಂಪೋದಲ್ಲಿ ಬಂದಿಳಿದ ಆ ಮಿಶನ್ನು ಶೆಡ್ಡಿನ ಮೂಲೆ ಹಿಡಿಯಿತು. ಅದಕ್ಕೆ ನಾಗಲಕ್ಷ್ಮಿ ತಾನೇ ಹೆಣೆದ ಬಿಳಿ ಮುಸುಕು ಹೊದಿಸಿದಳು.

ಹೊಸದಾಗಿ ಬಂದ ಸೊಸೆ ಶೆಡ್ಡಿಗೆ ಬಂದರೆ ಗೋಡೆಯ ಮೇಲಿನ ದೇವರ ಪಟಕ್ಕೆ ಕೈ ಮುಗಿಯುತ್ತಾಳೆ. ಇವಳು ಮುಗಿದಳು, ಇಲ್ಲವೆನ್ನುವಂತಿಲ್ಲ. ಆದರೆ ಕೈ ಇಳಿಸಿದವಳೇ ಒಂದೊಂದು ಮಿಶನ್ನಿನ ಹೊಟ್ಟೆಯ ಕೆಳಗೆ ಬಗ್ಗಿ ಬಗ್ಗಿ ನೋಡಿದಳು.

"ಅಕ್ಕ, ನಿನ್ನ ಮಿಶನ್ನು ಯಾವ ವರ್ಸದ್ದು ಕಣಕ್ಕ?" ಎಂದಳು.

ನಿನ್ನ! ರಾಯದುರ್ಗದಲ್ಲಿ ಹಿರಿಯ ವಾರಗಿತ್ತಿಯನ್ನು ಯಾರೂ ಹಾಗೆ ಕರೆಯುವುದಿಲ್ಲ. ಬರ್ರಿ, ಕೂಡ್ರಿ, ಹೌದ್ರಿ ಅನ್ನುತ್ತಾರೆ. ಮಡಕಶಿರಾ ಕಡೆ ಅಕ್ಕನನ್ನು ನೀನು ಅನ್ನುವುದೇ ಸಲಿಗೆ ಎಂದು ತಿಪ್ಪೇಸ್ವಾಮಿ ಎಷ್ಟು ಬಿಡಿಸಿ ಹೇಳಿದರೂ ಸುಂಕಲಮ್ಮನ ಎದೆಯೊಳಗಿನ ಮುಳ್ಳು ಹೊರಬರಲಿಲ್ಲ.

"ನನ್ನ ಮಿಶನ್ನಿನ ವಯಸ್ಸು ಕೇಳ್ತಾಳಲ್ಲ, ನಾಳಿ ನನ್ನ ವಯಸ್ಸು ಕೇಳ್ತಾಳ, ನಾಡಿದ್ದು ಇಬ್ಬರನ್ನೂ ಗುಜರಿಗೆ ಹಾಕ್ತಾಳ" ಎಂದು ಪಕ್ಕದ ಮಿಶನ್ನಿನ ಮಂಜುಳನ ಹತ್ತಿರ ಹೇಳಿಕೊಂಡಳು.

ಮಂಜುಳ ಚುರುಕು ಹುಡುಗಿ, ಸುಂಕಲಮ್ಮನೇ ಕೆಲಸ ಕಲಿಸಿದವಳು. ಅವಳೂ ತಿಂಗಳೊಳಗೆ ಆ ಕಡೆ ವಾಲಿದಳು. ಯುಗಾದಿ ಹೊತ್ತಿಗೆ ನಾಗಲಕ್ಷ್ಮಿ ಕೆಲಸದ ಹೆಣ್ಣುಮಕ್ಕಳ ಸೀರೆಗಳಿಗೆಲ್ಲ ಪುಕ್ಕಟೆ ಪಿಕೋ ಹಾಕಿಕೊಟ್ಟಳು. ಶೆಡ್ಡಿನ ತುಂಬ "ಹಂಗಲ್ಲ ಕಣಕ್ಕ, ಹಿಂಗೆ ಕಣಕ್ಕ" ಎಂಬ ಮಾತೇ ಮಾತು. ಮೊದಲು ಅಣಕಿಸಲು ಆಡುತ್ತಿದ್ದರು, ಆಮೇಲೆ ಅವರ ಬಾಯಿಗೇ ಅದು ಹತ್ತಿಕೊಂಡಿತು. ಸುಂಕಲಮ್ಮ ಮಾತ್ರ ತನ್ನ ಸೀರೆಯನ್ನು ಚೀಲದಲ್ಲಿ ಮುಚ್ಚಿಟ್ಟುಕೊಂಡು ಬಜಾರಿಗೆ ಹೋಗಿ, ಕಾಸು ಕೊಟ್ಟು ಪಿಕೋ ಹಾಕಿಸಿಕೊಂಡು ಬಂದಳು. ಆ ಅಂಚು ಮೊದಲ ಒಗೆತಕ್ಕೇ ಬಿಚ್ಚಿಕೊಂಡಿತು. ಅದನ್ನು ಯಾರಿಗೂ ಹೇಳದೆ ಸೆರಗಿನೊಳಗೆ ಮಡಚಿ ಸಿಕ್ಕಿಸಿಕೊಂಡಳು.

ಲೆಕ್ಕ ಬರೆಯಲು ಒಂದು ಮೇಜು ಬೇಕು ಅಂತ ಆಯಿತು. ಎಲ್ಲಿ ಹಾಕಬೇಕು ಎಂದು ತಿಪ್ಪೇಸ್ವಾಮಿ ಕೇಳಿದಾಗ ಸುಂಕಲಮ್ಮ ತಾನೇ ಎದ್ದು ಜಾಗ ತೋರಿಸಿದಳು, ತನ್ನ ಮಿಶನ್ನಿನ ಪಕ್ಕದಲ್ಲೇ. ಅತ್ತಿಗೆ ದೊಡ್ಡ ಮನಸ್ಸು ಮಾಡಿದಳು ಎಂದು ಅವನಿಗೆ ಖುಷಿ. ಅವಳ ಎಣಿಕೆ ಬೇರೆ. ಹಾಗೆ ಹಾಕಿದರೆ ಕುರ್ಚಿಯಲ್ಲಿ ಕೂತ ನಾಗಲಕ್ಷ್ಮಿಯ ಎಡಗಿವಿ ಸುಂಕಲಮ್ಮನ ಕಡೆಗೆ ಬರುತ್ತಿತ್ತು. ಅಂದಿನಿಂದ ಅವಳು ಮಿಶನ್ನು ತುಳಿಯುತ್ತ ಮನಸ್ಸಿಗೆ ಬಂದದ್ದನ್ನೆಲ್ಲ ಬೈದುಕೊಳ್ಳತೊಡಗಿದಳು. ಸಾರಿಗೆ ಉಪ್ಪು ಸಾಲದಿದ್ದರೂ ಬೈಗುಳ, ತಿಪ್ಪೇಸ್ವಾಮಿ ಹೆಂಡತಿಗೆ ಮಲ್ಲಿಗೆ ತಂದರೂ ಬೈಗುಳ. ನಾಗಲಕ್ಷ್ಮಿ ತಲೆಯೆತ್ತದೆ ಬರೆಯುತ್ತಿದ್ದಳು. ಬಾಯಿ ತುಂಬ ಬೈದು ಯಾರನ್ನೂ ನೋಯಿಸದಿರುವ ಇಂಥ ಸುಖ ಯಾರಿಗೆ ಸಿಕ್ಕೀತು!

ಹೀಗಿರುವಾಗ ಬಳ್ಳಾರಿಯಿಂದ ಮಿಶನ್ನು ವ್ಯಾಪಾರದ ಮುತ್ತುರಾಜ್ ಬಂದ. ಜೀನ್ಸಿನ ದಪ್ಪ ಅಂಚು ಹೊಲಿಯುವ ಹೊಸ ಮಿಶನ್ನೊಂದು ಬಂದಿದೆ, ಹಳೆಯದು ಒಂದನ್ನು ಕೊಟ್ಟರೆ ಅದರ ಬೆಲೆ ಮುರಿದುಕೊಂಡು ಕೊಡುತ್ತೇನೆ ಎಂದ. ಶೆಡ್ಡಿನಲ್ಲಿ ಕೊಡುವಂಥವು ಎರಡೇ. ಒಂದು ಸುಂಕಲಮ್ಮನ ಕಾಲು ಮಿಶನ್ನು, ಇನ್ನೊಂದು ಮೂಲೆಯ ಪಿಕೋ ಮಿಶನ್ನು. ಬಾಕಿಯವೆಲ್ಲ ದಿನವಿಡೀ ಓಡಲೇಬೇಕಾದವು. ತಿಪ್ಪೇಸ್ವಾಮಿ ಅತ್ತಿಗೆಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಆಮೇಲೆ ಮೆಲ್ಲಗೆ ಜಾರಿಕೊಂಡ. "ಲೆಕ್ಕ ಹ್ಯಾಂಗ ಹೇಳ್ತೈತೋ ಹಂಗ ಮಾಡೋಣ. ವಾರ ಬಿಟ್ಟು ಬಾ" ಎಂದು ಮುತ್ತುರಾಜನನ್ನು ಕಳಿಸಿದ.

ಲೆಕ್ಕ ಹೇಳುವವಳು ಯಾರು? ಅವಳೇ.

ಎರಡು ದಿನ ಕಳೆದಿರಬೇಕು. ಬಟ್ಟೆಯ ಥಾನುಗಳ ಹಿಂದೆ ಗುಂಡಿ ಆರಿಸುತ್ತ ಕೂತಿದ್ದ ಸುಂಕಲಮ್ಮನಿಗೆ ಗಂಡ ಹೆಂಡತಿಯ ಮಾತು ಕೇಳಿಸಿತು.

"ಅಕ್ಕನ ಮಿಶನ್ಗೆ ವರ್ಸಾವರ್ಸ ತರುಗು ಹಾಕ್ಕೊಂಡು ಬಂದ್ರೆ ಕೊನೆಗೆ ಏನೂ ಉಳಿಯಾಕಿಲ್ಲ" ಎನ್ನುತ್ತಿದ್ದಳು ನಾಗಲಕ್ಷ್ಮಿ.

ತರುಗು! ಆ ತೆಲುಗು ಮಾತು ಸುಂಕಲಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅವಳ ತವರು ನೇಮಕಲ್ಲು. ಚಿಕ್ಕವಳಿದ್ದಾಗ ಅಪ್ಪನ ಜೊತೆ ಶೇಂಗಾ ಚೀಲಗಳ ಮೇಲೆ ಕೂತು ಮಂಡಿಗೆ ಹೋಗುತ್ತಿದ್ದಳು. ತೂಕ ಆದ ಮೇಲೆ ವ್ಯಾಪಾರಿ, ಮಣ್ಣು ಐತಿ, ಹಸಿ ಐತಿ, ಹೊಟ್ಟು ಐತಿ ಎಂದು ಹೇಳಿ ಪ್ರತಿ ಚೀಲಕ್ಕೂ ಇಷ್ಟು ಎಂದು ಮುರಿದುಕೊಳ್ಳುತ್ತಿದ್ದ. ಅದಕ್ಕೆ ತರುಗು ಎಂದು ಹೆಸರು. ಅಪ್ಪ ದಾರಿಯುದ್ದಕ್ಕೂ ಎತ್ತುಗಳಿಗೆ ಕೇಳಿಸುವಂತೆ ಆ ತರುಗಿಗೆ ಶಾಪ ಹಾಕಿಕೊಂಡು ಬರುತ್ತಿದ್ದ. ಆ ಶಾಪದ ಮಾತುಗಳು ಒಂದೂ ಬಿಡದೆ ಅವಳಿಗೆ ಇವತ್ತಿಗೂ ನೆನಪಿದ್ದವು. ಓಹೋ, ಹಂಗೋ ಸಂಗತಿ! ಹೊರಗಿನಿಂದ ಬಂದವಳು ನನ್ನ ಗಂಡನ ಮಿಶನ್ನಿನ ಮೇಲೆ ವರ್ಷಾವರ್ಷ ಮುರಿದುಕೊಂಡು ತಿನ್ನುತ್ತಿದ್ದಾಳೆ!

ಚಹಾದ ಹೊತ್ತಿಗಾಗಿ ಕಾದಳು. ಎಲ್ಲರ ಕೈಯಲ್ಲಿ ಲೋಟ ಇರುವಾಗ ಮೇಜಿನ ಪಕ್ಕ ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಏನಮ್ಮಾ ನಾಗಲಕ್ಷ್ಮಿ, ನಮ್ಮಪ್ಪನ ಶೇಂಗಾಕ್ಕ ತರುಗು ಹಾಕಿ ತಿಂದೋರನ್ನ ನೋಡೀನಿ. ಮನಿಯೊಳಗ ಕುಂತು ತಿನ್ನೋರನ್ನ ಈಗ ನೋಡಾಕತ್ತೀನಿ. ನನ್ನ ಗಂಡನ ಮಿಶನ್ನಿಗೆ ಎಷ್ಟು ತರುಗು ಹಾಕಿದಿ? ಎಲ್ಲರ ಮುಂದ ಹೇಳು!"

ನಾಗಲಕ್ಷ್ಮಿ ಬಿಸ್ಕೀಟನ್ನು ಚಹಾದಲ್ಲಿ ಅದ್ದಿ ಬಾಯಿಗಿಟ್ಟುಕೊಂಡು, ಎಲ್ಲರೂ ತನ್ನನ್ನೇ ನೋಡುತ್ತಿರುವುದು ಕಂಡು ತಿರುಗಿದಳು. ಸುಂಕಲಮ್ಮ ರೂಢಿಯಂತೆ ಎಡಕ್ಕೇ ನಿಂತಿದ್ದಳು.

"ಏನಂದೆ ಅಕ್ಕ? ಈ ಕಡೆ ಬಂದು ಹೇಳು, ಕೇಳಿಸ್ಲಿಲ್ಲ."

ಒಮ್ಮೆ ಸಿಟ್ಟಿನಲ್ಲಿ ಆಡಿದ ಮಾತನ್ನು ಇನ್ನೊಮ್ಮೆ ಅಷ್ಟೇ ಸಿಟ್ಟಿನಲ್ಲಿ ಆಡುವುದು ಕಷ್ಟ. ಸುಂಕಲಮ್ಮ ಮೇಜು ಸುತ್ತಿ ಬಂದು ಎಲ್ಲವನ್ನೂ ಮತ್ತೆ ಹೇಳಬೇಕಾಯಿತು, ಹೇಳುವಾಗ ಎರಡು ಕಡೆ ತಡವರಿಸಿದಳು. ನಾಗಲಕ್ಷ್ಮಿ ಕಣ್ಣರಳಿಸಿ ಕೇಳಿದಳು, ಆಮೇಲೆ ಬಿಸ್ಕೀಟು ಗಂಟಲಿಗೆ ಸಿಕ್ಕುವಷ್ಟು ನಕ್ಕಳು.

"ಅಯ್ಯೋ ಅಕ್ಕ, ಅದು ಮಂಡಿ ತರುಗಲ್ಲ! ನಮ್ಮ ಮಿಲ್ಲಲ್ಲಿ ತೆಲುಗಿನೋರು ಹಂಗೇ ಅಂತಿದ್ರು, ನನಗೂ ಬಾಯಿಗೆ ಬಂದ್ಬಿಟ್ಟೈತೆ. ಕನ್ನಡದಲ್ಲಿ ಸವಕಳಿ ಅಂತಾರೆ. ಮಿಶನ್ನು ಸವೆಯೋದು."

"ಹಂಗಂತ ಮೊದಲ ಹೇಳಾಕ ಬಾಯಿಗೆ ಏನಾಗಿತ್ತು?" ಎಂದಳು ಸುಂಕಲಮ್ಮ. ಆದರೆ ಮುಖ ಕೆಂಡವಾಗಿತ್ತು. ತಾನು ಹೂಡಿದ ಜಗಳ ತನ್ನ ಕೈಯಲ್ಲೇ ಮುರಿದಿತ್ತು.

ನಾಗಲಕ್ಷ್ಮಿ ಅಷ್ಟಕ್ಕೇ ಬಿಡಲಿಲ್ಲ. ಮಂಜುಳನ ಕೈಯಲ್ಲಿದ್ದ ಗುರುತು ಹಾಕುವ ಚಾಕ್‌ಪೀಸು ಇಸಿದುಕೊಂಡಳು.

"ನೋಡು ಅಕ್ಕ. ಇದು ದಿನಾ ಒಂದೇ ಅಷ್ಟು ಸವೀತೈತೆ, ಒಂದಿನ ಮುಗೀತೈತೆ. ನಿನ್ನ ಮೈದುನ ಅನ್ನೋದು ಈ ಲೆಕ್ಕ. ಮಿಶನ್ನಿಗೆ ಇಷ್ಟು ವರ್ಸ ಆಯಸ್ಸು ಅಂತ ಇಟ್ಕೊಂಡು, ವರ್ಸಕ್ಕೆ ಒಂದೇ ಸಮ ಕಳೀತಾ ಹೋಗೋದು. ಕೊನೆ ವರ್ಸ ಸೊನ್ನೆ. ಆ ಲೆಕ್ಕದಲ್ಲಿ ನಿನ್ನ ಮಿಶನ್ನು ಸೊನ್ನೆ ಆಗಿ ಬಾಳ ದಿನ ಆಯ್ತು."

"ಸೊನ್ನಿ ಅಂತ ಸೊನ್ನಿ" ಎಂದು ಹಲ್ಲು ಕಚ್ಚಿದಳು ಸುಂಕಲಮ್ಮ. "ಆವತ್ತು ಕರೆಂಟು ಹೋದಾಗ ನಿಮ್ಮ ಮೋಟಾರ ಮಿಶನ್ನುಗಳು ಏನಾಗಿದ್ದವು, ಕೇಳು ಅವನನ್ನ."

"ಅದಕ್ಕೇ ನನಗೆ ಆ ಲೆಕ್ಕ ಒಪ್ಪಿಗೆ ಇಲ್ಲ. ಜೀನ್ಸ್ ಪ್ಯಾಂಟು ನೋಡು. ಮೊದಲನೇ ಸಲ ಒಗೆದ್ರೆ ಬಕೀಟು ತುಂಬ ನೀಲಿ. ಎರಡನೇ ಸಲ ಅದಕ್ಕಿಂತ ಕಮ್ಮಿ. ಆಮೇಲೆ ಇನ್ನೂ ಕಮ್ಮಿ. ಪ್ರತಿ ಸಲ ಉಳಿದಿರೋ ಬಣ್ಣದಾಗೆ ಒಂದು ಪಾಲು ಹೋಗ್ತೈತೆ, ಅಷ್ಟೇ. ಪೂರಾ ಬೆಳ್ಳಗಾಗಿರೋ ಪ್ಯಾಂಟು ಯಾರಾದ್ರೂ ನೋಡಿದ್ದೀರಾ?"

"ನಮ್ಮ ಮಾವನ ಪ್ಯಾಂಟು ಹರಿದು ಮಸಿಬಟ್ಟಿ ಆದ್ರೂ ನೀಲೀನೇ ಐತ್ರಿ" ಎಂದಳು ಮಂಜುಳ.

"ಹಾಂ, ಅದೇ. ಮಿಶನ್ನೂ ಹಂಗೇ. ಹೊಸತರಲ್ಲಿ ಬೆಲೆ ದಬಕ್ಕನೆ ಬೀಳ್ತೈತೆ, ಆದ್ರೆ ರಿಪೇರಿ ಬರಲ್ಲ. ಹಳೇದಾದ್ಮೇಲೆ ಬೆಲೆ ಬೀಳೋದು ಚೂರು, ರಿಪೇರಿ ಜಾಸ್ತಿ. ಎರಡೂ ಕೂಡಿದ್ರೆ ವರ್ಸವರ್ಸದ ಭಾರ ಹೆಚ್ಚುಕಮ್ಮಿ ಒಂದೇ. ಇನ್‌ಕಂ ಟ್ಯಾಕ್ಸಿನೋರು ಕೇಳೋದೂ ಇದೇ ಲೆಕ್ಕ."

ಹೆಣ್ಣುಮಕ್ಕಳು ಲೋಟ ಹಿಡಿದವರು ಹಿಡಿದಂತೆ ತಲೆಯಾಡಿಸುತ್ತಿದ್ದರು. ಅದನ್ನು ಕಂಡು ಸುಂಕಲಮ್ಮನಿಗೆ ಎಲ್ಲಿಲ್ಲದ ಉರಿ ಹತ್ತಿತು. ಈ ಶೆಡ್ಡಿನಲ್ಲಿ ಹೊಲಿಗೆ ಕಲಿಸಿದವಳು ನಾನು, ತಲೆಯಾಡಿಸುವುದು ಅವಳಿಗೆ! ತನ್ನ ಮಿಶನ್ನಿನಿಂದ ಹಳೆಯ ಸೂಜಿಯೊಂದನ್ನು ಕಳಚಿಕೊಂಡು, ಪೊಟ್ಟಣದ ಹೊಸ ಸೂಜಿಯೊಂದನ್ನು ಎತ್ತಿಕೊಂಡು ಎಲ್ಲರ ನಡುವೆ ಹಿಡಿದಳು.

"ಚಾಕ್‌ಪೀಸೂ ಬ್ಯಾಡ, ಪ್ಯಾಂಟೂ ಬ್ಯಾಡ. ಈ ಎರಡು ಸೂಜಿ ಒಂದೇ ದಿನ ತಂದಿದ್ದು. ಪೊಟ್ಟಣದಾಗ ಇದ್ದದ್ದು ಹೊಸದೇ ಐತಿ, ಹೊಲದದ್ದು ಮೊಂಡಾಗೈತಿ. ಸವಕಳಿ ಅಂದ್ರ ವರ್ಷದ ಮ್ಯಾಲ ಅಲ್ಲ, ದುಡಿಮಿ ಮ್ಯಾಲ. ಎಷ್ಟು ಹೊಲದೈತಿ ಅಂತ ಲೆಕ್ಕ ಹಾಕು. ನನ್ನ ಮಿಶನ್ನು ಹೊಲದಷ್ಟು ಈ ಶೆಡ್ಡಿನಾಗ ಯಾವ ಮಿಶನ್ನು ಹೊಲದೈತಿ, ಹೇಳು ನೋಡೋಣು!"

"ಯಾವುದೂ ಇಲ್ಲ" ಎಂದಳು ನಾಗಲಕ್ಷ್ಮಿ.

"ಮತ್ತ?"

"ಮತ್ತೇನು ಅಕ್ಕ, ಆ ಲೆಕ್ಕವೂ ಐತೆ. ಆದ್ರೆ ಹೆಚ್ಚು ದುಡಿದದ್ದು ಹೆಚ್ಚು ಸವೆದೈತೆ ಅಂತ ಅದರರ್ಥ. ಆ ಲೆಕ್ಕ ಹಿಡಿದ್ರೆ ನಿನ್ನ ಮಿಶನ್ನು ಎಲ್ಲಕ್ಕಿಂತ ಮೊದಲು ಗುಜರಿಗೆ ಹೋಗ್ತೈತೆ."

ಮಂಜುಳ ತಡೆಯಲಾರದೆ ಚಹಾ ಉಗುಳಿದಳು. ಒಬ್ಬಳು ನಕ್ಕರೆ ಸಾಕು, ಶೆಡ್ಡೇ ನಕ್ಕಿತು. ತಿಪ್ಪೇಸ್ವಾಮಿ ಗೋಡೆಯ ಕಡೆ ತಿರುಗಿಕೊಂಡ, ಅವನ ಭುಜ ಕುಣಿಯುತ್ತಿತ್ತು. ಸುಂಕಲಮ್ಮ ಎರಡೂ ಸೂಜಿಯನ್ನು ಪೊಟ್ಟಣಕ್ಕೆ ತುರುಕಿದಳು. ಗಂಡನ ಮಿಶನ್ನನ್ನು ತನ್ನ ಬಾಯಿಂದಲೇ ಗುಜರಿಗೆ ಕಳಿಸಿದ್ದಳು.

"ನಗಬೇಡ್ರೇ" ಎಂದಳು ನಾಗಲಕ್ಷ್ಮಿ, ಈ ಸಲ ತಾನು ನಗದೆ. "ಯಾವ ಲೆಕ್ಕ ಹಿಡಿದ್ರೂ ಅಕ್ಕನ ಮಿಶನ್ನಿನ ಬೆಲೆಯೇ ಕಮ್ಮಿ. ಅದಕ್ಕೇ ಅದನ್ನ ಕೊಡಬಾರದು."

ತಿಪ್ಪೇಸ್ವಾಮಿ ತಿರುಗಿದ. "ಏನು, ಕೊಡಬಾರದಾ?"

"ಮುತ್ತುರಾಜಣ್ಣ ಅದಕ್ಕೆ ಕಬ್ಬಿಣದ ತೂಕ ಹಾಕ್ತಾನೆ, ಅಷ್ಟೇ. ಅದು ಕಳ್ಕೊಳ್ಳೋದನ್ನೆಲ್ಲ ಆಗ್ಲೇ ಕಳ್ಕೊಂಡೈತೆ. ಇನ್ನು ವರ್ಸಕ್ಕೆ ಹೋದ್ರೆ ಚಿಟಿಕೆಯಷ್ಟು. ದುಡಿಯೋದು ಮಾತ್ರ ದಿನಾ ದುಡೀತೈತೆ. ನನ್ನ ಪಿಕೋ ಮಿಶನ್ನು ಮೂಲೇಲಿ ಕೂತಲ್ಲೇ ವರ್ಸಾವರ್ಸ ಬೆಲೆ ಕಳ್ಕೊಳ್ತೈತೆ, ಒಂದು ಕಾಸು ದುಡಿಯಲ್ಲ. ಇವತ್ತು ಕೊಟ್ರೆ ನಾಕು ಕಾಸು, ತಡ ಮಾಡಿದಷ್ಟೂ ಕಮ್ಮಿ. ಅದೇ ಹೋಗ್ಲಿ."

"ನಿಮ್ಮಪ್ಪ ಕುರಿ ಮಾರಿ ಕೊಡಿಸಿದ್ದಲ್ಲೇನೇ" ಎಂದ ತಿಪ್ಪೇಸ್ವಾಮಿ ಮೆಲ್ಲಗೆ.

"ಹೂಂ. ಅಪ್ಪಂಗೆ ನಾನೇ ಹೇಳ್ಕೊಳ್ತೀನಿ."

ಸುಂಕಲಮ್ಮನಿಗೆ ಅತ್ತ ಸಮಾಧಾನವೂ ಇಲ್ಲ, ಇತ್ತ ಸಿಟ್ಟಿಗೆ ಜಾಗವೂ ಇಲ್ಲ. ಉಳಿದದ್ದು ತನ್ನ ಮಿಶನ್ನು, ಉಳಿಸಿದವಳು ಅವಳು. ಅಷ್ಟು ದಿನ ಗಂಡ ಇಟ್ಟುಹೋದ ಜಾಗದಲ್ಲಿ ನಿಂತಿದ್ದ ಮಿಶನ್ನು, ಇನ್ನು ಮೇಲೆ ನಾಗಲಕ್ಷ್ಮಿ ಬಿಟ್ಟುಕೊಟ್ಟ ಜಾಗದಲ್ಲಿ ನಿಂತಿರುತ್ತದೆ. ಅವಳು ಹಟ ಹಿಡಿದು ಕಸಿದುಕೊಂಡಿದ್ದರೆ ಊರ ಮುಂದೆ ನಿಂತು ಬೈಯಬಹುದಿತ್ತು. ಕೊಟ್ಟವಳನ್ನು ಏನೆಂದು ಬೈಯುವುದು?

ಮುತ್ತುರಾಜ್ ಬಂದು ಪಿಕೋ ಮಿಶನ್ನನ್ನು ಟೆಂಪೋಕ್ಕೆ ಏರಿಸಿದ. ನಾಗಲಕ್ಷ್ಮಿ ಬಿಳಿ ಮುಸುಕನ್ನು ತೆಗೆದು ಮಡಚಿ, ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು. ಆಮೇಲೆ ಬಂದು ಸುಂಕಲಮ್ಮನ ಮಿಶನ್ನಿಗೆ ಹೊದಿಸಿದಳು. ಮರುದಿನದಿಂದ ಸುಂಕಲಮ್ಮ ಅದನ್ನು ಎಣ್ಣೆ ಒರೆಸಲು ಇಟ್ಟುಕೊಂಡಳು. ನಾಗಲಕ್ಷ್ಮಿ ನೋಡಿದಳು. "ಒಳ್ಳೇದು ಅಕ್ಕ, ಹತ್ತಿ ನೂಲು, ಎಣ್ಣೆ ಚೆನ್ನಾಗಿ ಎಳೀತೈತೆ" ಅಂದಳು. ಇಂಥವಳ ಜೊತೆ ಹೇಗಪ್ಪಾ ಬಾಳುವೆ ಮಾಡುವುದು!

ಹಬ್ಬಕ್ಕೆ ಬಂದ ಗೋಪಾಲಪ್ಪನಿಗೆ ಮಗಳು ಎಲ್ಲವನ್ನೂ ಬಿಡಿಸಿ ಹೇಳಿದಳು. ಆತ ಹೆಗಲ ಕಂಬಳಿ ಸರಿಮಾಡಿಕೊಳ್ಳುತ್ತ ಗಂಭೀರವಾಗಿ ಕೇಳಿಸಿಕೊಂಡ. "ಅಲ್ಲ ಮಗಳೇ, ನನ್ನ ಕುರಿ ವರ್ಸವರ್ಸ ಜಾಸ್ತಿ ಆಗ್ತವೆ, ನಿನ್ನ ಮಿಶನ್ನು ವರ್ಸವರ್ಸ ಕಮ್ಮಿ ಆಗ್ತೈತೆ. ನಾನು ಕುರಿ ಕೊಟ್ಟು ಮಿಶನ್ನು ತಂದ್ನಲ್ಲ, ನಮ್ಮಿಬ್ಬರಲ್ಲಿ ದಡ್ಡರು ಯಾರು?" ಎಂದ. ಮಗಳು ಅಪ್ಪನ ತೊಡೆಗೆ ತಲೆಯಿಟ್ಟು ನಕ್ಕಳು, ನಗುತ್ತ ನಗುತ್ತ ಒಂದಿಷ್ಟು ಅತ್ತಳು. ತನಗೆ ಅಳುವುದಕ್ಕೆ ಅಪ್ಪನ ತೊಡೆಯೂ ಉಳಿದಿಲ್ಲವಲ್ಲ ಎಂದು ಸುಂಕಲಮ್ಮ ಅದಕ್ಕೂ ಹೊಟ್ಟೆ ಉರಿಸಿಕೊಂಡಳು.

ವರ್ಷಗಳು ಉರುಳಿದವು. ಬೇರೆ ಶೆಡ್ಡಿನವರೂ ನಾಗಲಕ್ಷ್ಮಿಯನ್ನು ಕರೆಸಿಕೊಳ್ಳತೊಡಗಿದರು. "ಸುಂಕಲಮ್ನೋರೇ, ನಿಮ್ಮ ವಾರಗಿತ್ತೀನ ಒಂದು ಗಳಿಗಿ ಕಳಿಸ್ರಿ" ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಬಾಗಿಲಿಗೆ ಎದುರು ಕೂತವಳು ಸುಂಕಲಮ್ಮ, ಕೇಳಿಕೊಂಡು ಬರುವುದು ಇನ್ನೊಬ್ಬಳನ್ನು. ನಾಗಲಕ್ಷ್ಮಿ ಗಂಡನ ಬೈಕಿನ ಹಿಂದೆ ಕೂತು ಹೋಗಿ, ಅವರ ಮಿಶನ್ನುಗಳ ಹೊಟ್ಟೆಯ ಕೆಳಗೆ ಬಗ್ಗಿ ನೋಡಿ, ಯಾವುದು ಇರಲಿ, ಯಾವುದು ಹೋಗಲಿ ಎಂದು ಹೇಳಿ ಬರುತ್ತಿದ್ದಳು. ಬರುವಾಗ ಯಾರೋ ಕೊಟ್ಟ ಬದನೆಕಾಯಿ, ಯಾರೋ ಕೊಟ್ಟ ಮಂಡಕ್ಕಿ. ಅದರಲ್ಲಿ ಮೊದಲ ಪಾಲು ಅಕ್ಕನಿಗೇ ಇಡುತ್ತಿದ್ದಳು. ಅಕ್ಕ ಮಂಡಕ್ಕಿ ತಿನ್ನುತ್ತ ಎಡಗಿವಿಯ ಕಡೆಯಿಂದ ಬೈಯುತ್ತಿದ್ದಳು.

ಆಮೇಲೆ ನಾಗಲಕ್ಷ್ಮಿಗೆ ಹೊಟ್ಟೆಯೊಳಗೆ ಗಂಟು ಎಂದು ಗೊತ್ತಾಯಿತು. ಮೈ ಇಳಿಯುತ್ತ ಹೋಯಿತು. ಆದರೂ ಕುರ್ಚಿಗೆ ದಿಂಬು ಇಟ್ಟುಕೊಂಡು ಶೆಡ್ಡಿಗೆ ಬಂದು ಕೂರುತ್ತಿದ್ದಳು. ನೋಡಲು ಬರುವವರು ಒಬ್ಬರೇ ಇಬ್ಬರೇ! ಸೇಬು, ದಾಳಿಂಬೆ, ಎಳನೀರು ಮೇಜಿನ ಮೇಲೆ ಗುಡ್ಡೆ ಬೀಳುತ್ತಿದ್ದವು. ತನಗೆ ಹೋದ ವರ್ಷ ಜ್ವರ ಬಂದಾಗ ಮಂಜುಳ ಒಂದು ಬ್ರೆಡ್ಡು ತಂದದ್ದು ಬಿಟ್ಟರೆ ಯಾರೂ ಇಣುಕಿರಲಿಲ್ಲ ಎಂಬುದು ಸುಂಕಲಮ್ಮನ ನೆನಪಿಗೆ ಬರುತ್ತಿತ್ತು. ಬಂದದ್ದಕ್ಕೆ ನಾಚಿಕೆಯೂ ಆಗುತ್ತಿತ್ತು, ಆದರೂ ಬರುತ್ತಿತ್ತು.

"ಅಕ್ಕ, ನಾನು ಯಾವ ಲೆಕ್ಕದಾಗೆ ಸವೀತಾ ಇದ್ದೀನಿ?" ಎಂದು ಒಮ್ಮೆ ನಾಗಲಕ್ಷ್ಮಿಯೇ ಕೇಳಿದಳು. "ಚಾಕ್‌ಪೀಸಿನ ಲೆಕ್ಕವಾ, ಪ್ಯಾಂಟಿನ ಲೆಕ್ಕವಾ?"

"ಬಾಯಿ ಮುಚ್ಚು" ಎಂದಳು ಸುಂಕಲಮ್ಮ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಅವಳ ಬಲಕ್ಕೆ ಹೋಗಿ, "ಪ್ಯಾಂಟಿಂದು" ಎಂದು ಹೇಳಿ ತಿರುಗಿ ಬಂದು ಕೂತಳು.

ಅದಾದ ಕೆಲವು ದಿನಕ್ಕೆ ಅವಳನ್ನು ಅನಂತಪುರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿಗೆ ಹೋದ ಮೇಲೆ ನಾಗಲಕ್ಷ್ಮಿಗೆ ಮಾತು ಆಡಲಾಗಲಿಲ್ಲ, ಜೀವಂತ ತಿರುಗಿ ಬರಲೂ ಇಲ್ಲ. ಹಾಗಾಗಿ ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವಳು ಕೇಳಿದ್ದೇ ಕೊನೆಯದಾಯಿತು.

ಹೆಣ್ಣುಮಕ್ಕಳೆಲ್ಲ ಉಣ್ಣಲು ಹೊರಗಿನ ಬೇವಿನ ಮರದ ಕೆಳಗೆ ಹೋಗಿದ್ದರು. ಶೆಡ್ಡಿನಲ್ಲಿ ಇಬ್ಬರೇ. ಸುಂಕಲಮ್ಮ ಮಿಶನ್ನು ತುಳಿಯುತ್ತ, ಎಂದಿನಂತೆ ಎಡಗಿವಿಯ ಕಡೆಯಿಂದ ಬೈಯುತ್ತಿದ್ದಳು.

"ಬಂದ ದಿನದಿಂದ ಎಲ್ಲದರಾಗೂ ನನಗಿಂತ ಒಂದು ಹೆಜ್ಜಿ ಮುಂದ. ಮೈದುನನ್ನ ಎಳಕೊಂಡಿ, ಮಂಜುಳನ್ನ ಎಳಕೊಂಡಿ, ಊರನ್ನ ಎಳಕೊಂಡಿ. ಈಗ ಹೋಗಾಕೂ ಮುಂದೇನು? ಹಿರಿಯಾಕಿ ನಾ ಇಲ್ಲಿ ಕುಂತಿಲ್ಲೇನು? ನಿನಗ್ಯಾಕ ಇಷ್ಟು ಅವಸರ, ಹಾಂ? ಯಾಕ?"

ಕೊನೆಯ ಮಾತಿಗೆ ಕಾಲು ನಿಂತಿತು. ಮಿಶನ್ನೂ ನಿಂತಿತು. ನಾಗಲಕ್ಷ್ಮಿ ದಿಂಬಿಗೆ ಒರಗಿದಲ್ಲಿಂದಲೇ ಮುಖ ತಿರುಗಿಸಿ ಅವಳ ತುಟಿಗಳನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ. ಎಷ್ಟು ವರ್ಷದಿಂದಲೋ.

ತನ್ನ ಬಲಗಡೆ, ಗೋಡೆಯ ಹತ್ತಿರ ಇದ್ದ ಖಾಲಿ ಜಾಗವನ್ನು ಕೈಯಿಂದ ತಟ್ಟಿ ತೋರಿಸಿದಳು.

"ಅಕ್ಕ, ಆ ಬಾಗಿಲ ಜಾಗ ಬಿಟ್ಟು ಮಿಶನ್ನು ಈ ಕಡೆಗೆ ಎಳ್ಕೊಂಡು ಬಾ. ಇಷ್ಟು ವರ್ಸ ನೀನು ಬೈದದ್ದು ಒಂದೂ ಕೇಳಿಸ್ಲಿಲ್ಲ ಕಣಕ್ಕ. ಇನ್ನಾದ್ರೂ ನನಗೆ ಕೇಳೋ ಹಂಗೆ ಬೈ."